ಹೆಸರುಗಳು ಮುಗಿಯುವ ತನಕ

“ಇನ್ನೂ ಇದೆ.”

ಅವಳು ಅಷ್ಟೇ ಹೇಳಿದಳು. ಕುರ್ಚಿ ಬಿಟ್ಟು ಏಳಲಿಲ್ಲ.

ಮಧ್ಯಾಹ್ನದ ಆಟ ಬಿಟ್ಟಿತ್ತು. ಜನ ಬಾಗಿಲ ಕಡೆ ನುಗ್ಗುತ್ತಿದ್ದರು. ಕೆಲಸ ಮಾಡಿದವರ ಹೆಸರುಗಳು ಪರದೆಯ ಮೇಲೆ ಏರಲು ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಪರದೆ ಪಟ್ಟನೆ ಕಪ್ಪಾಗಿ ಎಲ್ಲ ದೀಪಗಳೂ ಹೊತ್ತಿಕೊಂಡವು. ಎಂಟನೇ ಸಾಲಿನ ನಡುವೆ ಅವಳೊಬ್ಬಳೇ ಉಳಿದಳು. ಎದುರಿಗೆ ಕೀಲಿಗೊಂಚಲು ಹಿಡಿದು ಒಬ್ಬ ಗಂಡಸು ನಿಂತಿದ್ದ.

ಆತ ಆ ಚಿತ್ರಮಂದಿರದ ಆಪರೇಟರ್. ಸಿನಿಮಾ ಮುಗಿದಿದೆ ಮೇಡಂ, ಮುಂದಿನ ಆಟದವರು ಬಿಸಿಲಲ್ಲಿ ನಿಂತಿದ್ದಾರೆ, ಅಷ್ಟರೊಳಗೆ ಗುಡಿಸಿ ಒರೆಸಬೇಕು ಎಂದು ಮರ್ಯಾದೆಯಿಂದಲೇ ಹೇಳಿದ.

“ನಿಮಗೆ ಮುಗಿದಿರಬಹುದು. ಸಿನಿಮಾ ಮುಗಿದಿಲ್ಲ, ನೀವು ಕತ್ತರಿಸಿದ್ದೀರಿ.”

ಕತ್ತರಿಸಿದ್ದೀರಿ... ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಹದಿನೇಳು ವರ್ಷದಿಂದ ಆ ಯಂತ್ರದ ಕೋಣೆಯಲ್ಲಿದ್ದವನು ಅವನು. ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ.

“ಬರೀ ಹೆಸರುಗಳು ಮೇಡಂ. ಅದನ್ನ ಯಾರು ಓದ್ತಾರೆ?”

“ಓದೋಕಲ್ಲ. ಹೆಸರುಗಳು ಮುಗಿದ ಮೇಲೆ ಒಂದು ದೃಶ್ಯ ಇರುತ್ತೆ. ಅದಕ್ಕೆ ನಾನು ಇಪ್ಪತ್ತಮೂರು ವರ್ಷದಿಂದ ಕಾಯ್ತಿದ್ದೀನಿ. ನಿಮಗೆ ಒಂಬತ್ತು ನಿಮಿಷ ಕಾಯೋಕಾಗ್ಲಿಲ್ಲ.”

ಚೀಲ ಹೆಗಲಿಗೇರಿಸಿ, ಬೆನ್ನು ನೆಟ್ಟಗಿಟ್ಟುಕೊಂಡು ಹೊರಗೆ ನಡೆದಳು. ಬೀದಿಗೆ ಬಂದ ಮೇಲೆ ಅಳು ಬಂತು. ದುಃಖದ ಅಳುವಲ್ಲ, ಸಿಟ್ಟಿನ ಅಳು.

ಮೂವತ್ತೆರಡು ವರ್ಷದ ಹೆಣ್ಣು ಒಂದು ಸಿನಿಮಾದ ಬಾಲಕ್ಕಾಗಿ ರಸ್ತೆಯಲ್ಲಿ ಅಳುತ್ತಾಳೆಂದರೆ ನಗು ಬರಬಹುದು. ಆದರೆ ಅವಳ ಲೆಕ್ಕವೇ ಬೇರೆ.

ಒಂಬತ್ತು ವರ್ಷದವಳಿದ್ದಾಗ ಅಣ್ಣ ತನಗೆ ಬೇಡವಾದ ಕಾಮಿಕ್ಸ್‌ಗಳ ಕಟ್ಟೊಂದನ್ನು ಅವಳ ಹಾಸಿಗೆಯ ಮೇಲೆ ಎಸೆದು ಹೋಗಿದ್ದ. ಅದರಲ್ಲಿ ‘ಕಡಲಹದ್ದು’ ಇತ್ತು. ದೀಪಸ್ತಂಭ ಕಾಯುವವನ ಮಗಳೊಬ್ಬಳು ಹಳೆಯ ಹಡಗಿನ ಹಾಯಿಬಟ್ಟೆಯಿಂದ ರೆಕ್ಕೆ ಹೊಲಿದುಕೊಂಡು, ಮುಳುಗುವವರ ಕೂಗು ಕೇಳಿದಲ್ಲಿಗೆ ಹಾರುವ ಕಥೆ. ಒಟ್ಟು ಅರವತ್ತೊಂದು ಸಂಚಿಕೆ. ಆಮೇಲೆ ಪತ್ರಿಕೆ ನಿಂತಿತು. ಅಷ್ಟನ್ನೂ ಅವಳು ಒಂದೊಂದಾಗಿ ಹುಡುಕಿ ಕೂಡಿಸಿದ್ದಳು. ಹನ್ನೆರಡನೇ ಸಂಚಿಕೆಯ ರಟ್ಟನ್ನು ಅಮ್ಮ ಹಿಟ್ಟಿನ ಡಬ್ಬದ ಬಾಯಿಗೆ ಮುಚ್ಚಿದ್ದಳೆಂದು ಮೂರು ದಿನ ಊಟ ಬಿಟ್ಟಿದ್ದಳು.

ದೊಡ್ಡವಳಾದ ಮೇಲೂ ಬಿಡಲಿಲ್ಲ. ಮದುವೆಯ ಮಾತಿಗೆಂದು ಬಂದಿದ್ದ ಒಬ್ಬ ಅವಳ ಕಪಾಟು ನೋಡಿ ನಕ್ಕು, ಮದುವೆಯಾದ ಮೇಲೆ ಈ ಬೊಂಬೆ ಪುಸ್ತಕಗಳನ್ನೂ ಹೊತ್ತು ತರುತ್ತೀರಾ ಎಂದು ಕೇಳಿದ್ದ. ಮೊದಲು ಅವು ಬರುತ್ತವೆ, ಜಾಗ ಉಳಿದರೆ ನಾನು ಎಂದಿದ್ದಳು. ಮಾತು ಅಲ್ಲಿಗೇ ಮುರಿಯಿತು. ಅಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಅವಳಿಗೆ ಮಾತ್ರ ನಿದ್ದೆ ಚೆನ್ನಾಗಿ ಬಂತು.

ಈಗ ಅದೇ ಕಡಲಹದ್ದು ಸಿನಿಮಾ ಆಗಿತ್ತು. ಮೊದಲ ಭಾಗವನ್ನು ನಾಲ್ಕು ಸಲ ನೋಡಿದ್ದಳು. ಎಡರೆಕ್ಕೆಯ ಮೂರನೇ ಮಡಿಕೆಯಲ್ಲಿ ಒಂದು ತೇಪೆ ಇರಬೇಕು, ಇತ್ತು. ಹದಿನೇಳನೇ ಸಂಚಿಕೆಯ ಕೊನೆಯ ಪುಟದಲ್ಲಿ ಕಡಲಹದ್ದು ನಮಗೆ ಬೆನ್ನು ಮಾಡಿ ಹಡಗಿನ ಕಂಬದ ತುದಿಯಲ್ಲಿ ನಿಲ್ಲುತ್ತಾಳೆ. ಆ ಚಿತ್ರ, ಅದೇ ಕೋನ, ಅದೇ ಮೋಡ, ಗೋಡೆಯಷ್ಟು ದೊಡ್ಡದಾಗಿ ಎದ್ದು ಬಂದಾಗ ಅವಳಿಗೆ ಅರಿವಿಲ್ಲದೆ “ಹದಿನೇಳು” ಎಂದು ಬಾಯಿಂದ ಬಂದಿತ್ತು. ಪಕ್ಕದವರು ತಿರುಗಿ ನೋಡಿದ್ದರು. ನೋಡಲಿ! ಅಂಗೈಯಗಲದ ಕಾಗದದಲ್ಲಿ ತಾನೊಬ್ಬಳೇ ಕಂಡಿದ್ದನ್ನು ಈಗ ಊರೆಲ್ಲ ಕತ್ತೆತ್ತಿ ನೋಡುತ್ತಿದೆ... ಎದೆ ಉಬ್ಬಿಸಿಕೊಳ್ಳಲು ಇದಕ್ಕಿಂತ ಇನ್ನೇನು ಬೇಕು?

ಎರಡನೇ ಭಾಗದ ಕೊನೆಯಲ್ಲಿ, ಹೆಸರುಗಳ ನಂತರ, ಕಥೆಯಲ್ಲಿ ಕಡಲಹದ್ದಿಗೆ ಎದುರಾಗುವ ‘ಬೀಗದವನು’ ಮೊದಲ ಸಲ ಬರುತ್ತಾನೆ ಎಂಬ ಸುದ್ದಿಯಿತ್ತು. ಅವನಿಗಾಗಿಯೇ ಅವಳು ಕಾದಿದ್ದು. ಅವನನ್ನೇ ಆ ಮಹಾಶಯ ಕತ್ತರಿಸಿದ್ದು.

ಅವಳ ಕೆಲಸ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ. ಮೂಳೆ ಡಾಕ್ಟರು ಚೀಟಿ ಬರೆದು ಕಳಿಸಿದ ಕೈಕಾಲುಗಳಿಗೆ ಪಟ್ಟಿ ಸುತ್ತುವುದು, ದಿನ ತುಂಬಿದ ಮೇಲೆ ಕತ್ತರಿಸಿ ಬಿಚ್ಚುವುದು. ರೋಗಿಗಳ ಬಾಯಲ್ಲಿ ಅವಳು ಪ್ಲಾಸ್ಟರಮ್ಮ. ಗೋಡೆ ಹಾರಿ ಕೈ ಮುರಿದುಕೊಂಡು ಬರುವ ಮಕ್ಕಳ ಪ್ಲಾಸ್ಟರ್ ಒಣಗಿದ ಮೇಲೆ ಅದರ ಮೇಲೊಂದು ಕಡಲಹದ್ದು ಬರೆದುಕೊಡುತ್ತಿದ್ದಳು. ಕೆಲವು ಮಕ್ಕಳು ಬಿಚ್ಚಿಸಿಕೊಳ್ಳಲು ಒಪ್ಪದೆ ರಂಪ ಮಾಡಿದ್ದುಂಟು.

ಸಿನಿಮಾದ ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು ತಳ್ಳಿಕೊಂಡು ಆಪರೇಟರ್ ಬಂದ. ಬಲಗೈ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದರು. ಯಾರೂ ನಗಲಿಲ್ಲ.

ಅವಳು ಚೀಟಿ ಓದಿದಳು. ಕೂರಿಸಿದಳು. ಬಟ್ಟೆಯ ತೋಳು ಏರಿಸಿ, ಹತ್ತಿ ಸುತ್ತಿ, ಪ್ಲಾಸ್ಟರ್ ಪಟ್ಟಿಯನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟು ಗುಳ್ಳೆ ನಿಲ್ಲುವವರೆಗೆ ಕಾದಳು. ಹೇಗೆ ಬಿದ್ದಿರಿ ಎಂದು ಕೇಳಲೇಬೇಕಾದ್ದರಿಂದ ಕೇಳಿದಳು.

ಏಣಿಯಿಂದ ಎಂದ. ಹೊರಗಿನ ಬೋರ್ಡಿಗೆ ಅಕ್ಷರ ಜೋಡಿಸುತ್ತಿದ್ದನಂತೆ. ಯಾವ ಅಕ್ಷರ ಎಂದರೆ ಹೇಳಲಿಲ್ಲ.

ಪಟ್ಟಿಯ ಮೇಲೆ ಅಂಗೈ ಆಡಿಸಿ ನಯ ಮಾಡುವಾಗ, ಬೆರಳು ಒತ್ತಬಾರದು, ಒತ್ತಿದರೆ ಒಳಗೆ ಗುಳಿ ಬಿದ್ದು ಹುಣ್ಣಾಗುತ್ತದೆ ಎಂದು ಅವಳು ಅಭ್ಯಾಸಬಲದಿಂದ ವಿವರಿಸುತ್ತಿದ್ದಳು. ಅವನು ಪಟ್ಟಿಯನ್ನಲ್ಲ, ಅವಳ ಅಂಗೈಗಳನ್ನು ನೋಡುತ್ತಿದ್ದ. ಪ್ಲಾಸ್ಟರ್ ಗಟ್ಟಿಯಾಗುತ್ತ ಬಿಸಿಯಾಗತೊಡಗಿತು.

“ನಿನ್ನೆ ಎಲ್ಲ ಆಟ ಮುಗಿದ ಮೇಲೆ ಒಬ್ಬನೇ ಕೂತು ಕೊನೆವರೆಗೆ ಓಡಿಸಿದೆ,” ಎಂದ ಇದ್ದಕ್ಕಿದ್ದ ಹಾಗೆ. “ಒಂದು ಕೈ ಬರುತ್ತೆ. ಕೈಯಲ್ಲಿ ಅರ್ಧ ಮುರಿದ ಕೀಲಿ. ಅಷ್ಟೇ. ಆದ್ರೆ... ಮೈ ಜುಂ ಅಂತು. ಆ ಕೈ ಯಾರದ್ದು?”

ಅವಳ ಕೈ ನಿಂತಿತು. ಅರ್ಧ ಕೀಲಿ! ಹಾಗಾದರೆ ಬೀಗದವನನ್ನು ಸರಿಯಾಗಿಯೇ ತಂದಿದ್ದಾರೆ.

ಆಮೇಲೆ ಆಪರೇಟರೇ ಅವಸರದಿಂದ ಎಡಗೈ ಎತ್ತಿದ.

“ಬೇಡ, ಹೇಳ್ಬೇಡಿ. ಮುಂದಿನದು ನಾನೇ ನೋಡ್ತೀನಿ. ನಾನು ಕೇಳಿದ್ರೂ ಹೇಳ್ಬೇಡಿ. ಮಾತು ಕೊಡಿ.”

ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಅವಳು ಮಾತು ಕೊಟ್ಟಳು. ಮುಂದಾಗುವುದನ್ನು ಹೊಸಬರಿಗೆ ಹೇಳಬಾರದೆಂಬುದು ಅವಳಂಥ ಓದುಗರಿಗೆ ಇರುವ ಒಂದೇ ಕಟ್ಟುನಿಟ್ಟು. ಅದನ್ನು ಅವನು ತಾನಾಗಿಯೇ ಕೇಳಿದ್ದು ಅವಳಿಗೆ ಹಿಡಿಸಿತು. ಅವನು ಹಿಡಿಸಿದ ಎಂದು ಆಗ ಅನ್ನಿಸಿರಲಿಲ್ಲ.

ಅಂದು ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಚಿತ್ರಮಂದಿರದ ಬೋರ್ಡು ಕಂಡಿತು. ಸಿನಿಮಾದ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ ಅರ್ಧ ಸಾಲು: ‘ಹೆಸರುಗಳು ಮುಗಿಯುವ ತನಕ’. ಅಷ್ಟೇ. ಮುಂದೆ ಖಾಲಿ. ಏಣಿ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು.

ಬಸ್ಸು ಮುಂದೆ ಹೋದರೂ ಅವಳು ತಿರುಗಿ ನೋಡಿದಳು. ನನ್ನ ಒಂದು ಮಾತಿಗೆ ಈ ಮನುಷ್ಯ ಕೈ ಮುರಿದುಕೊಂಡನೇ...

ಭಾನುವಾರ ಹೋಗಿ ಮತ್ತೆ ನೋಡಿದಳು. ಈ ಸಲ ದೀಪ ಹೊತ್ತಲಿಲ್ಲ. ಒಂಬತ್ತು ನಿಮಿಷ ಹೆಸರುಗಳು ಏರಿದವು. ಬಾಗಿಲವರೆಗೆ ಹೋದ ಜನ ದೀಪ ಹೊತ್ತದೆ ಇರುವುದನ್ನು ಕಂಡು ಗಲಿಬಿಲಿಯಿಂದ ಅಲ್ಲಲ್ಲೇ ನಿಂತರು. ಆಮೇಲೆ ಆ ಕೈ ಬಂತು. ಕೀಲಿಯ ಮುರಿದ ಅಂಚು ಕೂಡ ಪುಸ್ತಕದಲ್ಲಿದ್ದಂತೆ ಓರೆಯಾಗಿತ್ತು. ಎಂಟನೇ ಸಾಲಿನಲ್ಲಿ ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಹೊರಗೆ ಬರುವಾಗ ಅವನು ಮೆಟ್ಟಿಲ ಬಳಿ ನಿಂತಿದ್ದ. ಬೋರ್ಡು ಯಾಕೆ ಅರ್ಧಕ್ಕೇ ನಿಂತಿದೆ ಎಂದು ಕೇಳಿದಳು. ತನ್ನನ್ನು ನೋಡಿದ ಮೇಲೆ ಆ ಏಣಿ ಹತ್ತಲು ಬೇರೆ ಯಾರೂ ಒಪ್ಪುತ್ತಿಲ್ಲ ಎಂದ.

ಇಬ್ಬರೂ ನಕ್ಕರು.

ಎರಡು ವಾರಕ್ಕೊಮ್ಮೆ ಬರಬೇಕಾಗಿದ್ದ ಪರೀಕ್ಷೆಗೆ ಅವನು ವಾರಕ್ಕೆರಡು ಸಲ ಬಂದ. ಒಳಗೆ ತುರಿಕೆ ಎನ್ನುವುದು ನೆಪ. ಮೂಳೆ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, ಇದು ಮೂಳೆಯ ತೊಂದರೆಯಲ್ಲ, ನನ್ನ ವಿಭಾಗಕ್ಕೆ ಬರುವುದಿಲ್ಲ ಎಂದರು.

ಆಸ್ಪತ್ರೆಯ ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ಅವಳು ಕಡಲಹದ್ದಿನ ಕಥೆ ಹೇಳುತ್ತಿದ್ದಳು. ಸಿನಿಮಾ ಎಲ್ಲಿಯವರೆಗೆ ತೋರಿಸಿದೆಯೋ ಅಲ್ಲಿಯವರೆಗೆ ಮಾತ್ರ, ಅದರಾಚೆ ಒಂದಕ್ಷರವೂ ಇಲ್ಲ. ಅವನು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದ. ರೀಲುಗಳ ಕಾಲದಲ್ಲಿ ಎರಡು ಯಂತ್ರ ಇರುತ್ತಿದ್ದವು. ಒಂದರ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತಿತ್ತು. ಆ ಚುಕ್ಕೆ ನೋಡಿ ಎರಡನೇ ಯಂತ್ರಕ್ಕೆ ಹೊರಳಿಸಬೇಕು. ಕಣ್ಣು ಮಿಟುಕಿಸಿದರೆ ಬಿಳಿ ಪರದೆ, ಶಿಳ್ಳೆ, ಬೈಗುಳ. ಒಂದು ದಿನವೂ ತಾನು ಬಿಳಿ ಪರದೆ ತೋರಿಸಿಲ್ಲ ಎಂದ. ಕತ್ತರಿಸಿದ್ದೀರಿ ಎಂದು ಅವಳು ಅಂದಿದ್ದು ಅದಕ್ಕೇ ಅವನನ್ನು ಅಷ್ಟು ನೋಯಿಸಿತ್ತು. ಮಾಲೀಕರು ಹೇಳಿದ್ದಕ್ಕೆ ಹೆಸರುಗಳನ್ನು ನಿಲ್ಲಿಸುತ್ತಿದ್ದ. ಅದೂ ಸಿನಿಮಾವೇ ಎಂದು ಯಾರೂ ಹೇಳಿರಲಿಲ್ಲ.

“ಆ ಚುಕ್ಕೆ ಯಾರಿಗೂ ಕಾಣ್ತಿರಲಿಲ್ಲ. ನಮ್ಮ ಕಸುಬಿನವರಿಗೆ ಮಾತ್ರ ಗೊತ್ತು.”

“ಬಲಮೂಲೆ, ಮೇಲ್ಗಡೆ. ಎರಡು ಸಲ ಬರ್ತಿತ್ತು,” ಎಂದಳು ಅವಳು. “ಹೈಸ್ಕೂಲಲ್ಲಿದ್ದಾಗ ಲೆಕ್ಕ ಹಾಕ್ತಿದ್ದೆ. ಅಣ್ಣನಿಗೆ ತೋರಿಸಿದ್ರೆ ನಿನ್ನ ಕಣ್ಣಲ್ಲಿ ದೋಷ ಅಂದಿದ್ದ.”

ಅವನು ಲೋಟ ಕೆಳಗಿಟ್ಟ. ಹದಿನೇಳು ವರ್ಷ ಕತ್ತಲ ಕೋಣೆಯಲ್ಲಿ ಕೂತು ಮಾಡಿದ ಕೆಲಸವನ್ನು ಎದುರಿನ ಕತ್ತಲಿಂದ ಒಬ್ಬರು ನೋಡಿದ್ದರು. ಅದು ಇವಳು.

ಮರುವಾರ ಅವನು ಪ್ಲಾಸ್ಟರಿನ ಕೈ ಮುಂದೆ ಚಾಚಿ, ಮಕ್ಕಳಿಗೆ ಮಾತ್ರವೇ ಚಿತ್ರ ಎಂದು ಕೇಳಿದ.

ಅವಳು ಪೆನ್ನು ತೆಗೆದಳು. ಕಡಲಹದ್ದು ಬರೆಯಲು ಹೊರಟವಳು ನಿಂತಳು. ಅವನ ಸೊಂಟದಲ್ಲಿ ಕೀಲಿಗೊಂಚಲು ನೇತಾಡುತ್ತಿತ್ತು. ನಗು ಬಂತು. ಮಣಿಕಟ್ಟಿನ ಒಳಬದಿಯಲ್ಲಿ ಅರ್ಧ ಕೀಲಿಯೊಂದನ್ನು ಬರೆಯತೊಡಗಿದಳು. ಮೊದಲ ಗೆರೆ ತಮಾಷೆಗೆ. ಕೀಲಿಯ ಹಲ್ಲುಗಳಿಗೆ ಬರುವಷ್ಟರಲ್ಲಿ ತಮಾಷೆ ಉಳಿದಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರ ಕೈಮೇಲೂ ಅವಳು ಈ ಗುರುತು ಬರೆದಿರಲಿಲ್ಲ.

ಸಿನಿಮಾದಲ್ಲಿ ಬಂದ ಕೀಲಿ ಅಲ್ವಾ ಎಂದು ಅವನು ಖುಷಿಯಿಂದ ಕೇಳಿದ. ಹೌದು ಎಂದಳು. ಏನರ್ಥ ಎಂದ. ಮಾತು ಕೊಟ್ಟಿದ್ದೀನಲ್ಲ ಎಂದಳು.

ಅರ್ಥ ಅರವತ್ತೊಂದನೇ ಸಂಚಿಕೆಯಲ್ಲಿತ್ತು. ಬೀಗದವನು ಊರಿನ ಬಾಗಿಲುಗಳನ್ನು, ಸೇತುವೆಗಳನ್ನು, ಕೊನೆಗೆ ಜನರ ಬಾಯಿಗಳನ್ನೂ ಮುಚ್ಚಿಬಿಡುವ ಕ್ರೂರಿ ಎಂದು ಅರವತ್ತು ಸಂಚಿಕೆಯವರೆಗೆ ಓದುಗರು ನಂಬುತ್ತಾರೆ. ಅರವತ್ತೊಂದರಲ್ಲಿ ಗೊತ್ತಾಗುತ್ತದೆ, ಅವನು ಇಷ್ಟು ದಿನ ಸಮುದ್ರದ ಒಂದೇ ಒಂದು ಬಾಗಿಲು ತೆರೆಯದಿರಲೆಂದು ಮಿಕ್ಕವನ್ನೆಲ್ಲ ಮುಚ್ಚುತ್ತಿದ್ದ. ಅವನ ಅರ್ಧ ಕೀಲಿಯ ಇನ್ನರ್ಧ ಕಡಲಹದ್ದಿನ ಮಣಿಕಟ್ಟಿನಲ್ಲಿ ಹುಟ್ಟುಮಚ್ಚೆಯಾಗಿರುತ್ತದೆ. ಇಬ್ಬರೂ ಕೈಗೆ ಕೈ ಸೇರಿಸಿ ನಿಂತಾಗ ಕಥೆ ಮುಗಿಯುತ್ತದೆ.

ಹದಿಮೂರನೇ ವಯಸ್ಸಿನಲ್ಲಿ ಆ ಪುಟ ಓದಿದ ದಿನವೇ ಅವಳು ತೀರ್ಮಾನಿಸಿದ್ದಳು, ಪ್ರೀತಿ ಅಂದರೆ ಇದು ಎಂದು.

ಆದರೆ ಇದೆಲ್ಲ ಪುಸ್ತಕ ಓದಿದವರಿಗೆ ಗೊತ್ತು. ಸಿನಿಮಾ ನೋಡುವವರಿಗಲ್ಲ.

ಐದನೇ ವಾರದಲ್ಲಿ ಮೂರನೇ ಭಾಗದ ಟ್ರೈಲರ್ ಬಂತು. ಅದನ್ನು ಪರದೆಗೆ ಹಾಕಿದ್ದು ಅವನೇ. ಬೀಗದವನು ಶಾಲೆಯೊಂದಕ್ಕೆ ಬೀಗ ಜಡಿದು ಮಕ್ಕಳ ಕೂಗಿಗೆ ಬೆನ್ನು ತಿರುಗಿಸಿ ನಡೆದ. ಸಭಾಂಗಣದ ಮಕ್ಕಳು ಛೀ ಥೂ ಎಂದರು. ಆಟ ಬಿಟ್ಟ ಮೇಲೆ ಒಂದು ಪುಟ್ಟ ಹುಡುಗಿ ಅವನ ಕೈ ನೋಡಿ ಅಪ್ಪನ ಹಿಂದೆ ಅಡಗಿಕೊಂಡು, ಈ ಅಂಕಲ್ ಕೈಮೇಲೆ ಕೆಟ್ಟವನ ಗುರುತಿದೆ ಎಂದಳು.

ಅವನು ಕೈ ನೋಡಿಕೊಂಡ. ಸೊಂಟದ ಕೀಲಿಗೊಂಚಲು ನೋಡಿಕೊಂಡ. ಆ ಮೊದಲ ದಿನ ನೆನಪಾಯಿತು. ದೀಪ ಹಾಕಿ, ಬಾಗಿಲು ಮುಚ್ಚಲು ಬಂದು ನಿಂತ ತಾನು... ನೆಟ್ಟ ಬೆನ್ನಿನಲ್ಲಿ ನಡೆದುಹೋದ ಅವಳು.

ಇಷ್ಟು ದಿನ ಈ ಗೇಲಿಯನ್ನು ಕೈಮೇಲೆ ಹೊತ್ತು ಊರೆಲ್ಲ ತೋರಿಸಿಕೊಂಡು ತಿರುಗಿದೆನಲ್ಲ ಎನ್ನಿಸಿತು.

ಪ್ಲಾಸ್ಟರ್ ಬಿಚ್ಚುವ ದಿನ ಅವನು ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ. ಅವಳು ಗರಗಸದ ಯಂತ್ರ ಹಿಡಿದು, ಇದು ಗಟ್ಟಿಯಾದದ್ದನ್ನು ಮಾತ್ರ ಕೊಯ್ಯುತ್ತೆ, ಚರ್ಮವನ್ನಲ್ಲ ಎಂದು ಎಲ್ಲರಿಗೂ ಮಾಡಿ ತೋರಿಸುವಂತೆ ತನ್ನ ಅಂಗೈಗೆ ತಾಗಿಸಿ ತೋರಿಸಿದಳು. ಅವನು ತಿರುಗಲಿಲ್ಲ.

ಏನಾಯಿತು ಎಂದು ಕೇಳಿದಳು.

“ಟ್ರೈಲರ್ ನೋಡಿದೆ,” ಎಂದ. “ಮೊದಲ ದಿನದ ಸಿಟ್ಟು ಇನ್ನೂ ಇದೆ ಅಂತ ಗೊತ್ತಿರಲಿಲ್ಲ. ಇದ್ರೆ ಮುಖಕ್ಕೇ ಹೇಳಬಹುದಿತ್ತು. ಕೈಮೇಲೆ ಬರೆದು ಕಳಿಸಬೇಕಿರಲಿಲ್ಲ.”

ಅವಳಿಗೆ ಅರ್ಥವಾಗಲು ಎರಡು ಗಳಿಗೆ ಹಿಡಿಯಿತು. ಅರ್ಥವಾದಾಗ ಬಾಯಿ ತೆರೆದಳು.

ಒಂದು ವಾಕ್ಯ ಸಾಕಿತ್ತು. ಅರವತ್ತೊಂದನೇ ಸಂಚಿಕೆ ಓದಿ, ಅಷ್ಟೇ. ಪುಸ್ತಕ ಅವಳ ಕಪಾಟಿನಲ್ಲೇ ಇತ್ತು.

ಆದರೆ ಕೇಳಿದರೂ ಹೇಳಬೇಡಿ ಎಂದವನು ಇವನೇ. ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ ಅವಳ ಬೆನ್ನಿನ ಮೂಳೆ, ಅದು ಬಗ್ಗಲಿಲ್ಲ. ಇಷ್ಟು ದಿನ ಎದುರು ಕೂತು ಮಾತಾಡಿದ ಮೇಲೂ ತಾನು ಅಂಥವಳೆಂದು ಇವನು ನಂಬುವುದಾದರೆ, ಸಾಕ್ಷಿ ಹಿಡಿದು ಹಿಂದೆ ಓಡುವ ಹೆಣ್ಣು ತಾನಲ್ಲ.

“ಮೂರನೇ ಭಾಗ ಬರ್ಲಿ,” ಎಂದಳು.

“ಸಿನಿಮಾ ನೋಡಿ ಮನುಷ್ಯರನ್ನ ಅರ್ಥ ಮಾಡ್ಕೋಬೇಕಾ?”

“ಟ್ರೈಲರ್ ನೋಡಿ ಮಾಡ್ಕೊಂಡಿರಲ್ಲ, ಅದಕ್ಕಿಂತ ವಾಸಿ.”

ಯಂತ್ರ ಗುರ್ರೆಂದಿತು. ಅವಳು ಕೀಲಿಯ ಗೆರೆಗೆ ತಾಗದ ಹಾಗೆ ಪಕ್ಕದಿಂದ ಕೊಯ್ದಳು. ಪ್ಲಾಸ್ಟರ್ ಎರಡು ಹೋಳಾಗಿ ಬಿಚ್ಚಿಕೊಂಡಿತು. ಒಳಗಿನ ಕೈ ಬಡಕಲಾಗಿ, ಬಿಳಿಚಿಕೊಂಡು, ಬೇರೆ ಯಾರದ್ದೋ ಕೈಯಂತೆ ಕಂಡಿತು. ಬೆರಳು ಮಡಚಿ ತೆರೆಯುವ ವ್ಯಾಯಾಮ ಹೇಳಿಕೊಟ್ಟಳು. ಅವನು ತಲೆಯಾಡಿಸಿ ಹೋದ. ಹೋಳುಗಳನ್ನು ಕಸಕ್ಕೆ ಹಾಕಬೇಕಿತ್ತು. ಒಂದನ್ನು ಹಾಕಿದಳು. ಕೀಲಿ ಇದ್ದದ್ದನ್ನು ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು.

ನಾಲ್ಕು ತಿಂಗಳು ಕಳೆದವು.

ಅವನಿರಲಿ, ಅವಳನ್ನು ಹೆಚ್ಚು ಹೆದರಿಸಿದ್ದು ಸಿನಿಮಾ. ತೆಗೆಯುವವರು ಕಥೆ ಬದಲಾಯಿಸಿಬಿಟ್ಟರೆ? ಇದೇ ಕೊನೆಯ ಭಾಗ ಎಂದು ಪೋಸ್ಟರುಗಳು ಹೇಳುತ್ತಿದ್ದವು. ಬೀಗದವನನ್ನು ಕೆಟ್ಟವನಾಗಿಯೇ ಕೊಂದು ಮುಗಿಸಿದರೆ ಅವಳು ಬರೆದ ಗುರುತಿಗೂ ಅದೇ ಅರ್ಥ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಪುಸ್ತಕ ತಂದು ತೋರಿಸಿದರೂ ಅದು ಸಮಜಾಯಿಷಿ ಮಾತ್ರ. ತನ್ನ ಬದುಕಿನ ಒಂದು ಮುಖ್ಯ ಮಾತನ್ನು ಎಲ್ಲೋ ಕೂತಿರುವ ಅಪರಿಚಿತರ ಕೈಗೆ ಕೊಟ್ಟಂತಾಗಿತ್ತು.

ಮನೆಯಲ್ಲಿ ವಿಷಯ ಗೊತ್ತಾಗಿತ್ತು. ಹೋಗಿ ಹೇಳಬಾರದಾ ಎಂದು ಅಣ್ಣ ಕೇಳಿದ. ಈಗ ಅವನೂ ದೊಡ್ಡ ಅಭಿಮಾನಿ. ಕಡಲಹದ್ದನ್ನು ಈ ಮನೆಗೆ ತಂದವನು ನಾನೇ ಎಂದು ಆಫೀಸಿನಲ್ಲಿ ಕೊಚ್ಚಿಕೊಳ್ಳುತ್ತಿದ್ದನಂತೆ. ಅಮ್ಮ ಮಾತ್ರ ಬೇರೆ ದಾರಿ ಹಿಡಿದಳು. ಒಂದು ಮಧ್ಯಾಹ್ನ ಕಪಾಟಿನ ಮುಂದೆ ನೆಲದ ಮೇಲೆ ಕೂತು, ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಮೊದಲನೇ ಸಂಚಿಕೆಯಿಂದ ಓದತೊಡಗಿದ್ದಳು. ಮಗಳನ್ನು ನೋಡಿ, ಹನ್ನೆರಡನೆಯದಕ್ಕೆ ರಟ್ಟು ಇಲ್ಲವಲ್ಲ ಎಂದಳು. ಯಾಕಿಲ್ಲ ಎಂದು ಗೊತ್ತಿಲ್ಲವೇ ಎಂದು ಮಗಳು ಕೇಳಿದಾಗ ಅಮ್ಮ ಪುಟ ತಿರುಗಿಸಿದಳು.

ಬಿಡುಗಡೆಯ ದಿನ ಬೆಳಗಿನ ಆಟಕ್ಕೆ ಮೂವರೂ ಹೋದರು. ಬೇರೆ ಚಿತ್ರಮಂದಿರಕ್ಕೆ ಹೋಗೋಣವೇ ಎಂದು ಅಣ್ಣ ಕೇಳಿದ್ದಕ್ಕೆ, ನನ್ನ ಎಂಟನೇ ಸಾಲು ನಾನು ಯಾಕೆ ಬಿಡಲಿ ಎಂದಳು. ಬೋರ್ಡು ಬಸ್ಸಿನಿಂದಲೇ ಕಂಡಿತು. ಸಾಲು ಪೂರ್ತಿಯಾಗಿತ್ತು: ‘ಹೆಸರುಗಳು ಮುಗಿಯುವ ತನಕ ಕುಳಿತಿರಿ’. ಕೊನೆಯ ಪದದ ಅಕ್ಷರಗಳು ಹೊಸವು, ಸ್ವಲ್ಪ ಸೊಟ್ಟ. ವಾಸಿಯಾದ ಕೈ ಏಣಿ ಹತ್ತಿದೆ ಎಂದುಕೊಂಡಳು. ಮನಸ್ಸು ಹಗುರಾಗಲು ಬಿಡಲಿಲ್ಲ.

ಸಿನಿಮಾ ಶುರುವಾಯಿತು. ಅವಳು ಎಲ್ಲ ಮರೆತಳು. ಸೇತುವೆಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಸಂಚಿಕೆ ನಲವತ್ತೆಂಟು, ಹಾಯಿಬಟ್ಟೆ ಹರಿದು ಕಡಲಹದ್ದು ಬರೀ ಕೈಯಲ್ಲಿ ಈಜುವ ಐವತ್ತೆರಡು. ಅಣ್ಣ ಪ್ರತಿಯೊಂದಕ್ಕೂ ಬಗ್ಗಿ, ಇವನ್ಯಾರು, ಈಗ ಏನಾಗುತ್ತೆ ಎಂದು ಕೇಳುತ್ತಿದ್ದ. ಸುಮ್ನೆ ನೋಡು ಎಂದು ಅಮ್ಮನೇ ಗದರಿದಳು. ನಲವತ್ತು ಸಂಚಿಕೆ ಓದಿ ಬಂದ ಗತ್ತು!

ಕೊನೆಗೆ ಅರವತ್ತು. ಮುಳುಗುವ ಗೋಪುರದಲ್ಲಿ ಬೀಗದವನು ತಾನೇ ಜಡಿದ ಬಾಗಿಲ ಹಿಂದೆ ಸಿಕ್ಕಿಕೊಂಡ. ನೀರು ಕುತ್ತಿಗೆಯವರೆಗೆ ಬಂತು. ಕಡಲಹದ್ದು ಊರಿನ ಜನರನ್ನು ಉಳಿಸಿ ಮೇಲೆ ಹಾರಿದಳು. ಗೋಪುರ ಮುಳುಗಿತು. ಜನ ಚಪ್ಪಾಳೆ ತಟ್ಟಿದರು.

ಕಪ್ಪು ಪರದೆ. ಹೆಸರುಗಳು.

ಅರವತ್ತೊಂದು ಇಲ್ಲ.

ಕೊನೆಯ ಭಾಗದಲ್ಲಿ ಹೆಸರುಗಳ ನಂತರ ಏನೂ ಇಲ್ಲ ಎಂದು ಅಭಿಮಾನಿಗಳ ಗುಂಪಿನಲ್ಲಿ ಹಿಂದಿನ ದಿನವೇ ಯಾರೋ ಬರೆದಿದ್ದರು. ಅವಳು ನಂಬಿರಲಿಲ್ಲ. ಈಗ ನಂಬಿದಳು. ಬಿಟ್ಟುಬಿಟ್ಟರು. ಕೆಟ್ಟವನಾಗಿಯೇ ಮುಳುಗಿಸಿಬಿಟ್ಟರು. ಆಪರೇಟರ್ ಕೂಡ ಬೆಳಗ್ಗೆ ಪರೀಕ್ಷೆಗೆ ಓಡಿಸಿ ನೋಡಿರುತ್ತಾನೆ. ಹೀಗೇ ನೋಡಿರುತ್ತಾನೆ...

ಅಣ್ಣ ಕಾಲು ಜೋಮು ಹಿಡಿದಿದೆಯೆಂದು ಎದ್ದು ಹೊರಗೆ ಹೋದ. ಬದುಕಿನಲ್ಲಿ ಮೊದಲ ಸಲ ಅವಳು ಹೆಸರುಗಳು ಮುಗಿಯುವ ಮೊದಲೇ ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

“ಇನ್ನೂ ಇದೆ.”

ಅಣ್ಣನ ಖಾಲಿ ಕುರ್ಚಿಯ ಪಕ್ಕದಲ್ಲಿ, ಕತ್ತಲಲ್ಲಿ, ಕೀಲಿಗೊಂಚಲಿನ ಸದ್ದು.

“ಕೂತ್ಕೊಳ್ಳಿ,” ಎಂದ ಅವನು ಮೆಲ್ಲಗೆ. “ನೀವೇ ಎದ್ದು ಹೋದ್ರೆ ಹೇಗೆ?”

ಅವಳು ಕೂತಳು. ಅವನೂ ಕೂತ. ಆ ಕಡೆಯಿಂದ ಅಮ್ಮ ಬಗ್ಗಿ ಅವನನ್ನೊಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, ಮತ್ತೆ ಪರದೆಯ ಕಡೆ ತಿರುಗಿದಳು.

ಇಡೀ ಸಭಾಂಗಣ ಕೂತಿತ್ತು. ಬೋರ್ಡು ಓದಿದ ಜನ. ಸಾವಿರಾರು ಹೆಸರುಗಳು ಒಂದರ ಹಿಂದೊಂದು ಏರಿದವು.

ಆಮೇಲೆ ನೀರಿನ ಸದ್ದು. ಸಮುದ್ರದ ತಳ. ಮುಳುಗಿದ ಗೋಪುರದೊಳಗೆ ಒಬ್ಬ ಮನುಷ್ಯ ಬೆನ್ನುಕೊಟ್ಟು ಒಂದು ದೊಡ್ಡ ಬಾಗಿಲನ್ನು ಒತ್ತಿ ಹಿಡಿದಿದ್ದ. ಬಾಗಿಲಾಚೆ ಇಡೀ ಕಡಲು ನೂಕುತ್ತಿತ್ತು. ಅವನು ಇಷ್ಟು ದಿನ ಕಾದದ್ದು ಏನನ್ನು ಎಂದು ಒಂದು ಮಾತೂ ಇಲ್ಲದೆ ಎಲ್ಲರಿಗೂ ಗೊತ್ತಾಯಿತು. ಹರಿದ ಹಾಯಿಬಟ್ಟೆಯ ರೆಕ್ಕೆಯೊಂದು ಮೇಲಿನಿಂದ ಇಳಿದು ಬಂತು. ಕಡಲಹದ್ದು ಅವನ ಪಕ್ಕದಲ್ಲಿ ಬಾಗಿಲಿಗೆ ಕೈಕೊಟ್ಟು ನಿಂತಳು. ತೋಳಿನ ಬಟ್ಟೆ ಸರಿಯಿತು. ಮಣಿಕಟ್ಟಿನಲ್ಲಿ ಅರ್ಧ ಕೀಲಿ. ಎರಡು ಅರ್ಧಗಳು ಕೂಡಿದವು. ಬೀಗ ಬಿದ್ದ ಸದ್ದು. ಕಡಲು ಹಿಂದೆ ಸರಿಯಿತು.

ಅರವತ್ತೊಂದು. ಕೊನೆಯ ಪುಟ. ಗೆರೆಗೆ ಗೆರೆ.

ಸಭಾಂಗಣ ಎದ್ದು ನಿಂತು ಕೂಗುತ್ತಿತ್ತು. ಅಮ್ಮ ಚಪ್ಪಾಳೆ ತಟ್ಟುತ್ತಿದ್ದಳು. ಪಕ್ಕದ ಸಾಲಿನವರಿಗೆ ಬೆರಳು ಮಾಡಿ, “ನನ್ನ ಮಗಳಿಗೆ ಮೊದಲೇ ಗೊತ್ತಿತ್ತು,” ಎಂದು ಹೇಳುತ್ತಿದ್ದಳು. ಮಗಳ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ. ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

“ಬೆಳಗ್ಗೆ ಆರು ಗಂಟೆಗೆ ಒಬ್ಬನೇ ನೋಡಿದೆ,” ಎಂದ ಅವನು. “ಯಂತ್ರದ ಕೋಣೆಯಲ್ಲಿ ಕೂತು ನನ್ನ ಕೈ ನೋಡ್ಕೊಂಡೆ. ಖಾಲಿ ಇತ್ತು. ನನ್ನಂಥ ಪೆದ್ದ ಈ ಊರಲ್ಲಿ ಇನ್ನೊಬ್ಬ ಇಲ್ಲ.”

“ಇಲ್ಲ,” ಎಂದು ಅವಳು ಒಪ್ಪಿದಳು.

“ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ.”

“ಮಾತು ಕೊಟ್ಟಿದ್ದೆ. ನಿಮಗೇ.”

ಅವನು ತಲೆ ತಗ್ಗಿಸಿದ. ನಂಬಬೇಕಿತ್ತು, ತಪ್ಪಾಯಿತು ಎಂದ. ಹೂಂ, ಆಯಿತು ಎಂದಳು. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಚೀಲದ ಬಾಯಿ ತೆರೆದಳು. ಒಳಗೆ, ಕರವಸ್ತ್ರದಲ್ಲಿ ಸುತ್ತಿದ ಪ್ಲಾಸ್ಟರಿನ ಹೋಳು. ಯಾಕೆ ತಂದೆ ಎಂದು ಬೆಳಗ್ಗೆ ಅವಳಿಗೇ ಗೊತ್ತಿರಲಿಲ್ಲ. ಅವನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಪರದೆಯ ಬೆಳಕಿಗೆ ಹಿಡಿದ.

“ಇದರ ಇನ್ನರ್ಧ?”

ಅವಳು ಪೆನ್ನು ತೆಗೆದು ಅವನ ಕೈಗೆ ಕೊಟ್ಟು, ತನ್ನ ಬಲ ಮಣಿಕಟ್ಟನ್ನು ಕುರ್ಚಿಯ ತೋಳಿನ ಮೇಲಿಟ್ಟಳು. ಅವನ ಬೆರಳುಗಳಲ್ಲಿ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ. ಕೀಲಿ ಬೋರ್ಡಿನ ಅಕ್ಷರಗಳ ಹಾಗೇ ಸೊಟ್ಟಗೆ ಬಂತು. ಅವಳು ತಿದ್ದಲಿಲ್ಲ.

“ಅರವತ್ತೊಂದಾದ ಮೇಲೆ ಏನಾಗುತ್ತೆ?” ಎಂದ. “ಬೇಡ, ಹೇಳ್ಬೇಡಿ.”

“ಹೇಳೋಕೆ ಏನೂ ಇಲ್ಲ. ಅಲ್ಲಿಗೆ ನಿಂತುಹೋಯ್ತು. ಮುಂದಿನದು ಯಾರೂ ಬರೆದಿಲ್ಲ. ನನಗೂ ಗೊತ್ತಿಲ್ಲ.”

“ಹಾಗಾದ್ರೆ ಇಬ್ಬರಿಗೂ ಗೊತ್ತಿಲ್ಲ.”

“ಇಬ್ಬರಿಗೂ.”

ಅಷ್ಟರಲ್ಲಿ ಪರದೆ ಪೂರ್ತಿ ಕಪ್ಪಾಗಿತ್ತು. ಹಿಂದಿನ ಸಾಲಿನಿಂದ ಯಾರೋ, ದೀಪ ಹಾಕಪ್ಪಾ ಆಪರೇಟರ್ ಎಂದು ಕೂಗಿದರು. ಅವನು ಏಳಲು ಹೋದ. ಅವಳು ಅವನ ತೋಳು ಹಿಡಿದಳು, ಬೆರಳು ಒತ್ತದೆ, ಅಂಗೈಯಿಂದ.

“ಒಂದು ನಿಮಿಷ ಕೂತ್ಕೊಳ್ಳಿ.”

“ಇನ್ನೂ ಇದೆಯಾ?”

“ಇದೆ.”